ಕೆರೆ ಎಷ್ಟು ಕುಗ್ಗಿತು, ಕಾಡು ಎಷ್ಟು ಉಳಿಯಿತು: ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡುವ ಬಗೆ

2023ರ ಅಕ್ಟೋಬರ್ 3ರ ರಾತ್ರಿ ಉತ್ತರ ಸಿಕ್ಕಿಮಿನ ದಕ್ಷಿಣ ಲೋನಾಕ್ ಎಂಬ ಹಿಮಸರೋವರ ಒಡೆಯಿತು. ಸಮುದ್ರಮಟ್ಟದಿಂದ ಸುಮಾರು 5,200 ಮೀಟರ್ ಎತ್ತರದಲ್ಲಿದ್ದ ನೀರು ತೀಸ್ತಾ ಕಣಿವೆಗೆ ನುಗ್ಗಿ, ಚುಂಗ್‌ತಾಂಗ್‌ನಲ್ಲಿದ್ದ 1,200 ಮೆಗಾವಾಟ್ ಜಲವಿದ್ಯುತ್ ಯೋಜನೆಯ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಸೇತುವೆಗಳು ಉರುಳಿದವು, ಹತ್ತಾರು ಜೀವಗಳು ಹೋದವು. ಆ ಎತ್ತರಕ್ಕೆ ಹತ್ತಿ ಹೋಗಿ ಏನಾಗಿದೆ ಎಂದು ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಆದರೂ ಮರುದಿನವೇ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಮೂರು ಅಂಕಿಗಳನ್ನು ಮುಂದಿಟ್ಟಿತು. ಸರೋವರದ ವಿಸ್ತೀರ್ಣ ಸೆಪ್ಟೆಂಬರ್ 17ರಂದು 162.7 ಹೆಕ್ಟೇರ್, ಸೆಪ್ಟೆಂಬರ್ 28ರಂದು 167.4 ಹೆಕ್ಟೇರ್, ಅಕ್ಟೋಬರ್ 4ರಂದು 60.3 ಹೆಕ್ಟೇರ್. ನೂರು ಹೆಕ್ಟೇರಿಗೂ ಹೆಚ್ಚು ನೀರಿನ ಹರವು ಒಂದೇ ರಾತ್ರಿಯಲ್ಲಿ ಬರಿದಾಗಿತ್ತು.

ಇಂಥ ಸುದ್ದಿ ಓದಿದಾಗ ಮೇಲೊಂದು ಕ್ಯಾಮೆರಾ ಇದೆ, ಅದು ಫೋಟೊ ತೆಗೆಯಿತು, ಸರೋವರ ಕುಗ್ಗಿದ್ದು ಕಾಣಿಸಿತು ಎಂದಷ್ಟೇ ನಮಗೆ ಅನಿಸುತ್ತದೆ. ನಿಜವಾಗಿ ಉಪಗ್ರಹ ಅಳೆಯುವುದು ನೆಲದಿಂದ ಮರಳಿ ಬರುವ ಬೆಳಕನ್ನು, ಇಲ್ಲವೇ ರೇಡಿಯೊ ಅಲೆಯನ್ನು. ಅದಕ್ಕೆ ಕೆರೆ ಗೊತ್ತಿಲ್ಲ, ಕಾಡು ಗೊತ್ತಿಲ್ಲ, ಕುಸಿತ ಗೊತ್ತಿಲ್ಲ. ಎರಡು ದಿನಗಳ ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು 'ಇಲ್ಲಿ ಬದಲಾಗಿದೆ' ಎನ್ನುವ ತೀರ್ಮಾನ ಮನುಷ್ಯರದು. ಬರ ಪರಿಹಾರ, ಅರಣ್ಯ ವರದಿ, ಭೂಕುಸಿತದ ಎಚ್ಚರಿಕೆ, ಕೆರೆ ಒತ್ತುವರಿಯ ವಿವಾದ ಎಲ್ಲವೂ ಇಂದು ಇಂಥ ತೀರ್ಮಾನಗಳನ್ನು ಆಧರಿಸಿವೆ. ಹಾಗಾಗಿ ಅವು ಹೇಗೆ ಹುಟ್ಟುತ್ತವೆ, ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದು ತಜ್ಞರಿಗೆ ಮಾತ್ರ ತಿಳಿದಿದ್ದರೆ ಸಾಲದು. ರೈತರಿಗೂ ಪತ್ರಿಕೆ ಓದುವವರಿಗೂ ತಿಳಿದಿರಬೇಕು.

ಒಂದು ಚುಕ್ಕೆಯೊಳಗೆ ಎಷ್ಟು ನೆಲ

ಉಪಗ್ರಹ ಚಿತ್ರವೆಂದರೆ ಸಂಖ್ಯೆಗಳ ಚೌಕಳಿ. ಒಂದೊಂದು ಚೌಕವೂ ಒಂದು ಪಿಕ್ಸೆಲ್. ಆ ಚೌಕದೊಳಗಿನ ನೆಲವೆಲ್ಲ ಸೇರಿ ಕಳುಹಿಸಿದ ಬೆಳಕು ಒಂದು ಸಂಖ್ಯೆಯಾಗಿ ದಾಖಲಾಗುತ್ತದೆ. ಚೌಕದ ಅಳತೆ ಉಪಗ್ರಹದಿಂದ ಉಪಗ್ರಹಕ್ಕೆ ಬೇರೆ. ಐರೋಪ್ಯ ಒಕ್ಕೂಟದ ಸೆಂಟಿನೆಲ್-2ರ ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನದು 30 ಮೀಟರ್, ಅಂದರೆ ಸುಮಾರು ಒಂಬತ್ತು ಗುಂಟೆ. ಭಾರತದ ರಿಸೋರ್ಸ್‌ಸ್ಯಾಟ್‌ನಲ್ಲಿರುವ ಲಿಸ್-3 ಕ್ಯಾಮೆರಾದ್ದು 23.5 ಮೀಟರ್, ಐದೂವರೆ ಗುಂಟೆ. 1972ರ ಜುಲೈ 23ರಂದು ಹಾರಿದ ಮೊದಲ ಲ್ಯಾಂಡ್‌ಸ್ಯಾಟ್‌ನ ಪಿಕ್ಸೆಲ್ ಸುಮಾರು 80 ಮೀಟರ್ ಇತ್ತು. ಒಂದೂವರೆ ಎಕರೆ ಒಂದೇ ಚುಕ್ಕೆಯಾಗಿ ಕಾಣುತ್ತಿತ್ತು. ಕಾರ್ಟೋಸ್ಯಾಟ್-3ರಂಥ ಉಪಗ್ರಹಗಳು ಒಂದು ಅಡಿಯಷ್ಟು ಸಣ್ಣ ವಿವರವನ್ನೂ ಹಿಡಿಯುತ್ತವೆ. ಆದರೆ ಅವು ಒಂದು ಸಲಕ್ಕೆ ನೋಡುವ ನೆಲದ ಪಟ್ಟಿ ಕಿರಿದು, ಒಂದೇ ಜಾಗಕ್ಕೆ ಪದೇಪದೇ ಬರುವುದೂ ಕಷ್ಟ. ಬದಲಾವಣೆಯ ಲೆಕ್ಕಕ್ಕೆ ಚಿತ್ರದ ಚೂಪಿಗಿಂತ ಉಪಗ್ರಹ ನಿಯಮಿತವಾಗಿ ಮರಳಿ ಬರುವುದು ಮುಖ್ಯ. ಈ ಕ್ಷೇತ್ರದ ಹೆಚ್ಚಿನ ಕೆಲಸವನ್ನು ಮಧ್ಯಮ ಗಾತ್ರದ ಪಿಕ್ಸೆಲ್‌ಗಳೇ ಹೊತ್ತಿರುವುದು ಅದಕ್ಕೇ.

ಪಿಕ್ಸೆಲ್‌ನ ಗಾತ್ರ ತಿಳಿದರೆ ಸುದ್ದಿಯ ಅಂಕಿಗಳನ್ನು ತೂಗುವುದಕ್ಕೂ ಬರುತ್ತದೆ. ದಕ್ಷಿಣ ಲೋನಾಕ್ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದ ಸರೋವರ. ಸುತ್ತಳತೆ ಐದು ಕಿಲೋಮೀಟರ್ ಎಂದಿಟ್ಟುಕೊಂಡರೂ, ದಂಡೆಯ ಗೆರೆ ಎಲ್ಲೆಡೆ 10 ಮೀಟರ್ ಆಚೆಗೋ ಈಚೆಗೋ ಬಿದ್ದರೆ ಲೆಕ್ಕದಲ್ಲಿ ಐದು ಹೆಕ್ಟೇರ್ ಏರುಪೇರಾಗುತ್ತದೆ. ದಂಡೆಯ ಪಿಕ್ಸೆಲ್‌ಗಳಲ್ಲಿ ಅರ್ಧ ನೀರು, ಅರ್ಧ ಕಲ್ಲು. ಅವನ್ನು ಯಾವ ಕಡೆಗೆ ಸೇರಿಸುತ್ತೀರಿ? ಹಾಗಾಗಿ 162.7ರಿಂದ 167.4ಕ್ಕೆ ಏರಿದ್ದು ನಿಜವಾದ ಏರಿಕೆಯೋ ಅಳತೆಯ ಅಲುಗಾಟವೋ ಎಂದು ಆ ಎರಡು ಅಂಕಿಗಳಷ್ಟನ್ನೇ ಹಿಡಿದು ಖಚಿತವಾಗಿ ಹೇಳಲಾಗದು. 167.4ರಿಂದ 60.3ಕ್ಕೆ ಇಳಿದದ್ದರಲ್ಲಿ ಮಾತ್ರ ಸಂಶಯಕ್ಕೆ ಎಡೆಯೇ ಇಲ್ಲ. ವ್ಯತ್ಯಾಸ ದೊಡ್ಡದೋ ದೋಷ ದೊಡ್ಡದೋ ಎಂಬ ಪ್ರಶ್ನೆಯನ್ನು ಪ್ರತಿ ಉಪಗ್ರಹ ಸುದ್ದಿಗೂ ಕೇಳಬೇಕು.

ಕಣ್ಣಿಗೆ ಕಾಣದ ಬೆಳಕಿನ ನೆರವು

ನಮ್ಮ ಕಣ್ಣಿಗೆ ಕಾಣುವ ಬಣ್ಣಗಳಲ್ಲಿ ಕಾಡಿಗೂ ಪಾಚಿಗಟ್ಟಿದ ಕೆರೆಗೂ ಅಂಥ ಅಂತರವಿಲ್ಲ, ಎರಡೂ ಹಸಿರು. ಕೆಂಪಿನಾಚೆಗಿರುವ ಸಮೀಪದ ಅವಕೆಂಪು ಬೆಳಕಿನಲ್ಲಿ ಚಿತ್ರವೇ ಬೇರೆ. ಆರೋಗ್ಯವಂತ ಎಲೆಯಲ್ಲಿರುವ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯೊಳಗಿನ ಜೀವಕೋಶಗಳ ರಚನೆ ಅವಕೆಂಪನ್ನು ಚದುರಿಸಿ ಹಿಂದಕ್ಕೆ ಕಳಿಸುತ್ತದೆ. ಗಿಡ ಬಾಡಿದಾಗ, ರೋಗ ತಗುಲಿದಾಗ ಈ ಅಂತರ ಕುಗ್ಗುತ್ತದೆ, ಎಷ್ಟೋ ಸಲ ಕಣ್ಣಿಗೆ ಹಳದಿ ಕಾಣುವುದಕ್ಕೂ ಮುಂಚೆಯೇ. ತಿಳಿನೀರು ಅವಕೆಂಪನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿಬಿಡುವುದರಿಂದ ಕಪ್ಪಾಗಿ ಕಾಣುತ್ತದೆ. ಭಾರತದಲ್ಲಿ ಈ ವಿದ್ಯೆಯ ಮೊದಲ ಪ್ರಯೋಗ ನಡೆದದ್ದು ಉಪಗ್ರಹದಿಂದಲ್ಲ. 1970ರಲ್ಲಿ ಪಿ.ಆರ್. ಪಿಷಾರೋಟಿ ಅವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದು, ಸೊರಗು ರೋಗ ತಗುಲಿದ ಮರಗಳನ್ನು ಗುರುತಿಸಿತು. ಪತ್ರಿಕೆಗಳಲ್ಲಿ ಕಾಡು ಕಡುಗೆಂಪಾಗಿ ಕಾಣುವ ಉಪಗ್ರಹ ಚಿತ್ರಗಳನ್ನು ನೀವು ನೋಡಿರುತ್ತೀರಿ. ಕಾಣದ ಅವಕೆಂಪಿಗೆ ಕೆಂಪು ಬಣ್ಣ ಕೊಟ್ಟು ಮುದ್ರಿಸಿದ ಚಿತ್ರಗಳು ಅವು.

ಅವಕೆಂಪಿನಿಂದ ಕೆಂಪನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಸಸ್ಯ ಸೂಚ್ಯಂಕ. ಅದು ಒಂದರ ಕಡೆಗೆ ಹೋದಷ್ಟೂ ಹಸಿರು ದಟ್ಟ. ಬರಿನೆಲದಲ್ಲಿ ಸೊನ್ನೆಯ ಸಮೀಪ. ನೀರಿನ ಮೇಲೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ. ಮೊತ್ತದಿಂದ ಭಾಗಿಸುವುದು ಚತುರ ಉಪಾಯ. ಬೆಟ್ಟದ ನೆರಳಿನಲ್ಲಿ ಎರಡೂ ಬಣ್ಣಗಳ ಬೆಳಕು ಒಟ್ಟಿಗೇ ಕುಂದುವುದರಿಂದ ಸೂಚ್ಯಂಕ ಅಷ್ಟಾಗಿ ಕದಲುವುದಿಲ್ಲ. ಅರ್ಧ ಶತಮಾನದಿಂದ ಜಗತ್ತಿನ ಬೆಳೆ, ಕಾಡು, ಹುಲ್ಲುಗಾವಲುಗಳ ಲೆಕ್ಕದಲ್ಲಿ ಅತಿ ಹೆಚ್ಚು ಬಳಕೆಯಾಗಿರುವ ಸೂತ್ರ ಬಹುಶಃ ಇದೇ.

ಒಂದೇ ತಕ್ಕಡಿಯಲ್ಲಿ ತೂಗುವ ಕಷ್ಟ

ಎರಡು ದಿನಗಳ ಚಿತ್ರಗಳನ್ನು ಕಳೆದರೆ ಬದಲಾವಣೆ ತಾನಾಗಿಯೇ ಹೊರಬೀಳಬೇಕಲ್ಲವೇ? ಬೀಳುತ್ತದೆ. ತೊಂದರೆಯೆಂದರೆ ನೆಲದ ಬದಲಾವಣೆಯ ಜೊತೆಗೆ ಆಕಾಶದ ಬದಲಾವಣೆ, ಸೂರ್ಯನ ಬದಲಾವಣೆ, ಉಪಗ್ರಹದ ಬದಲಾವಣೆ ಎಲ್ಲವೂ ಒಟ್ಟಿಗೇ ಹೊರಬೀಳುತ್ತವೆ. ಡಿಸೆಂಬರಿನಲ್ಲಿ ಸೂರ್ಯ ತಗ್ಗಿರುತ್ತಾನೆ, ಬೆಟ್ಟಗಳ ನೆರಳು ಉದ್ದ. ಏಪ್ರಿಲ್‌ನಲ್ಲಿ ಗಾಳಿಯಲ್ಲಿ ದೂಳು, ಹೊಗೆ. ಈ ಗಾಳಿಯ ಪಾಲನ್ನು ಲೆಕ್ಕಹಾಕಿ ತೆಗೆಯುವುದೇ ಒಂದು ದೊಡ್ಡ ಶಾಸ್ತ್ರ. ಅದು ಮುಗಿದ ಮೇಲೆ ಎರಡು ಚಿತ್ರಗಳ ಪಿಕ್ಸೆಲ್‌ಗಳು ನೆಲದ ಒಂದೇ ಜಾಗದ ಮೇಲೆ ಕೂರುವಂತೆ ಹೊಂದಿಸಬೇಕು. ಅರ್ಧ ಪಿಕ್ಸೆಲ್ ಸರಿದರೂ ಪ್ರತಿ ರಸ್ತೆ, ಪ್ರತಿ ಹೊಲದ ಬದು, ಪ್ರತಿ ಕೆರೆಯ ಏರಿ 'ಬದಲಾದ' ಹಾಗೆ ಕಾಣುತ್ತದೆ. ಹಿಮಾಲಯದಂಥ ಕಡಿದಾದ ಸೀಮೆಯಲ್ಲಿ ಇದಕ್ಕೆ ಬೆಟ್ಟಗಳ ಎತ್ತರದ ನಕಾಶೆಯೂ ಬೇಕು. ಉಪಗ್ರಹ ಓರೆಯಾಗಿ ನೋಡಿದಾಗ ಶಿಖರಗಳು ಚಿತ್ರದಲ್ಲಿ ಪಕ್ಕಕ್ಕೆ ವಾಲಿರುತ್ತವೆ.

ಋತುವಿನ ವಿಷಯ ಇನ್ನೂ ಸೂಕ್ಷ್ಮ. ಬಂಡೀಪುರದ್ದು ಬಹುಪಾಲು ಎಲೆ ಉದುರಿಸುವ ಕಾಡು. ಅಕ್ಟೋಬರಿನ ಚಿತ್ರದಲ್ಲಿ ದಟ್ಟ ಹಸಿರಾಗಿದ್ದದ್ದು ಮಾರ್ಚಿನ ಚಿತ್ರದಲ್ಲಿ ಬೋಳಾಗಿ ಕಾಣುತ್ತದೆ. ಒಂದು ಮರವೂ ಬಿದ್ದಿರುವುದಿಲ್ಲ. ಆಗುಂಬೆಯ ನಿತ್ಯಹರಿದ್ವರ್ಣದ ಕಾಡಿನಲ್ಲಿ ಈ ಏರಿಳಿತ ತೀರ ಕಡಿಮೆ. ಕಾಡಿನ ಸ್ವಭಾವ ಅರಿಯದವರು ಎರಡಕ್ಕೂ ಒಂದೇ ಮಾನದಂಡ ಹಿಡಿದರೆ ಇಲ್ಲದ ಕಡಿತ ಕಾಣುತ್ತದೆ, ಇರುವ ಕಡಿತ ತಪ್ಪಿಹೋಗುತ್ತದೆ. ಜಾಲತಾಣಗಳಲ್ಲಿ ಹರಿದಾಡುವ 'ಅಂದು-ಇಂದು' ಜೋಡಿಚಿತ್ರಗಳಲ್ಲಿ ಎಷ್ಟೋ ಬಾರಿ ವರ್ಷ ಬರೆದಿರುತ್ತಾರೆ, ತಿಂಗಳು ಬರೆದಿರುವುದಿಲ್ಲ. ತಿಂಗಳಿಲ್ಲದ ಜೋಡಿಚಿತ್ರವನ್ನು ನಾನು ಸಾಕ್ಷ್ಯವೆಂದು ಒಪ್ಪುವುದಿಲ್ಲ.

ಮೋಡದ ಕೆಳಗೆ ನೋಡುವುದು

ಭೂಕುಸಿತ, ನೆರೆ, ಕಟ್ಟೆ ಒಡೆತ ನಮ್ಮಲ್ಲಿ ಆಗುವುದು ಮಳೆಗಾಲದಲ್ಲಿ. ಆಗಲೇ ಆಕಾಶ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಬೆಳಕನ್ನು ನೆಚ್ಚಿದ ಉಪಗ್ರಹಕ್ಕೆ ಬೇಕಾದ ಹೊತ್ತಿನಲ್ಲೇ ಕಣ್ಣಿಲ್ಲ. ಲೋನಾಕ್ ಅಳತೆಗೆ ಭಾರತದ ರಿಸ್ಯಾಟ್-1ಎ ಮತ್ತು ಐರೋಪ್ಯ ಸೆಂಟಿನೆಲ್-1ಎ ಬಳಸಿದ್ದು ಇದಕ್ಕಾಗಿ. ಇವು ರೇಡಾರ್ ಉಪಗ್ರಹಗಳು. ತಾವೇ ರೇಡಿಯೊ ಅಲೆ ಹೊರಡಿಸಿ, ನೆಲಕ್ಕೆ ತಾಗಿ ಮರಳುವ ಪಾಲನ್ನು ಅಳೆಯುತ್ತವೆ. ಸೆಂಟಿಮೀಟರ್‌ಗಟ್ಟಲೆ ಉದ್ದದ ಈ ಅಲೆಗಳಿಗೆ ಮೋಡದ ಹನಿಗಳು ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ರೇಡಾರ್ ಓರೆಯಾಗಿ ನೋಡುವುದರಿಂದ, ಕನ್ನಡಿಯ ಮೇಲೆ ಓರೆಯಾಗಿ ಬಿಟ್ಟ ಟಾರ್ಚ್ ಬೆಳಕಿನಂತೆ, ನಿಂತ ನೀರಿಗೆ ಬಡಿದ ಅಲೆ ಆಚೆಗೆ ಚಿಮ್ಮಿ ಹೋಗುತ್ತದೆ, ಉಪಗ್ರಹಕ್ಕೆ ಮರಳುವುದಿಲ್ಲ. ನೀರು ಕಪ್ಪಾಗಿ, ಸುತ್ತಲ ಒರಟು ಕಲ್ಲುನೆಲ ಬೆಳ್ಳಗೆ ಕಾಣುತ್ತದೆ. ಆ ಕಪ್ಪಿನ ಅಂಚನ್ನು ಹಿಡಿದೇ ವಿಸ್ತೀರ್ಣ ಲೆಕ್ಕ ಹಾಕುವುದು. ಗಾಳಿ ಬೀಸಿ ನೀರಿನಲ್ಲಿ ಅಲೆ ಎದ್ದರೆ ಕಪ್ಪು ಮಸುಕಾಗುತ್ತದೆ. ಬೆಟ್ಟದ ಮರೆಯೂ ಕಪ್ಪಾಗಿಯೇ ಕಾಣುತ್ತದೆ. ರೇಡಾರ್ ಚಿತ್ರ ಓದುವುದು ಪಳಗಿದವರ ಕೆಲಸ.

2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈಗಳ ಮೇಲೆ ಗುಡ್ಡ ಜಾರಿದಾಗಲೂ ಹೀಗೆಯೇ ಆಯಿತು. ಮರುದಿನ ಅಂದರೆ ಜುಲೈ 31ರಂದು ರಿಸ್ಯಾಟ್ ತೆಗೆದ ಚಿತ್ರವನ್ನು 2023ರ ಮೇ ತಿಂಗಳಿನ ಕಾರ್ಟೋಸ್ಯಾಟ್-3 ಚಿತ್ರದ ಪಕ್ಕ ಇಟ್ಟು ನೋಡಿದರು. ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿ ಕುಸಿತ ಶುರುವಾಗಿತ್ತು. ಕಳಚಿದ ಗುಡ್ಡದ ಭಾಗ 86,000 ಚದರ ಮೀಟರ್. ಕೆಸರು, ಬಂಡೆಗಳ ಹರಿವು ಸುಮಾರು ಎಂಟು ಕಿಲೋಮೀಟರ್ ಕೆಳಗಿನವರೆಗೆ ಸಾಗಿತ್ತು. ಅದೇ ಜಾಗದಲ್ಲಿ ಹಿಂದೆಯೂ ಗುಡ್ಡ ಜಾರಿದ್ದ ಗುರುತು ಹಳೆಯ ದಾಖಲೆಯಲ್ಲಿತ್ತು. ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ವಿವರ.

ಮಿಲಿಮೀಟರಿನ ಲೆಕ್ಕ

ರೇಡಾರಿನ ನಿಜವಾದ ಸೋಜಿಗ ಬೇರೆ ಇದೆ. ಮರಳಿ ಬಂದ ಅಲೆಯ ಬಲವನ್ನಷ್ಟೇ ಅಲ್ಲದೆ, ಅದು ಏರಿಳಿತದ ಯಾವ ಹಂತದಲ್ಲಿ ಬಂದು ತಲುಪಿತು ಎಂಬುದನ್ನೂ ಉಪಗ್ರಹ ದಾಖಲಿಸುತ್ತದೆ. ಹನ್ನೆರಡು ದಿನ ಬಿಟ್ಟು ಅದೇ ಕಕ್ಷೆಗೆ ಬಂದು ಮತ್ತೆ ಅಳೆದಾಗ ನೆಲ ಒಂದಿಷ್ಟು ಕೆಳಗಿಳಿದಿದ್ದರೆ, ಅಲೆ ಹೋಗಿ ಬರುವ ದಾರಿ ಅಷ್ಟು ಉದ್ದವಾಗಿರುತ್ತದೆ, ಅಲೆಯ ಹಂತ ಬದಲಾಗಿರುತ್ತದೆ. ಸೆಂಟಿನೆಲ್-1ರ ತರಂಗಾಂತರ 5.6 ಸೆಂಟಿಮೀಟರ್. ಹೋಗಿ ಬರುವ ದಾರಿ ಎರಡು ಪಟ್ಟಾದ್ದರಿಂದ ನೆಲ ಅದರ ಅರ್ಧ, ಅಂದರೆ 2.8 ಸೆಂಟಿಮೀಟರ್ ಸರಿದರೆ ಅಲೆಯ ಒಂದು ಪೂರ್ಣ ಸುತ್ತು ಕಳೆಯುತ್ತದೆ. ಸುತ್ತಿನ ಸಣ್ಣ ಪಾಲನ್ನೂ ಅಳೆಯಬಹುದಾದ್ದರಿಂದ, ಹತ್ತಾರು ಚಿತ್ರಗಳನ್ನು ಒಟ್ಟಿಗೆ ಜೋಡಿಸಿದಾಗ ಏಳುನೂರು ಕಿಲೋಮೀಟರ್ ಎತ್ತರದಿಂದ ಮಿಲಿಮೀಟರುಗಳ ಕುಸಿತ ಸಿಗುತ್ತದೆ.

2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದ ಮನೆಗಳು ಬಿರುಕು ಬಿಟ್ಟಾಗ ದೂರಸಂವೇದಿ ಕೇಂದ್ರ ಈ ಬಗೆಯ ಅಳತೆಯನ್ನು ಪ್ರಕಟಿಸಿತು. 2022ರ ಡಿಸೆಂಬರ್ 27ರಿಂದ ಜನವರಿ 8ರವರೆಗಿನ ಹನ್ನೆರಡು ದಿನಗಳಲ್ಲಿ ಪಟ್ಟಣದ ಒಂದು ಭಾಗ 5.4 ಸೆಂಟಿಮೀಟರ್ ಕುಸಿದಿತ್ತು. ಅದಕ್ಕೂ ಹಿಂದಿನ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳಲ್ಲಿ ನಿಧಾನವಾಗಿ ಸುಮಾರು ಒಂಬತ್ತು ಸೆಂಟಿಮೀಟರ್ ಇಳಿದಿತ್ತು. ಬಳಿಕ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ, ಸಂಸ್ಥೆಗಳು ತಾವಾಗಿ ಮಾಧ್ಯಮಗಳಿಗೆ ಮಾಹಿತಿ ಕೊಡಬಾರದೆಂದು ಸೂಚಿಸಿತು. ವರದಿ ಜಾಲತಾಣದಿಂದ ಮರೆಯಾಯಿತು. ಗೊಂದಲ ಹಬ್ಬಬಾರದು ಎಂಬ ಕಾರಣ ಕೊಟ್ಟರು. ಆ ಕಾರಣವನ್ನು ನಾನು ಒಪ್ಪಲಾರೆ. ತಾನು ಮಲಗುವ ಕೋಣೆಯ ಗೋಡೆ ಸೀಳುತ್ತಿರುವುದನ್ನು ನೋಡುತ್ತಿರುವವರಿಗೆ, ತಮ್ಮ ಕಾಲ ಕೆಳಗಿನ ನೆಲ ಎಷ್ಟು ಇಳಿದಿದೆ ಎಂಬ ಅಂಕಿ ಎಲ್ಲರಿಗಿಂತ ಮೊದಲು ಸಿಗಬೇಕು.

ಲೋನಾಕ್‌ನ ಕಥೆಯಲ್ಲೂ ಇಂಥ ನಿಧಾನದ ಚಲನೆ ಇತ್ತು. ಹಿಮನದಿ ಹಿಂದೆ ಸರಿದಂತೆ ಸರೋವರ ಹಿಗ್ಗುತ್ತಿರುವುದನ್ನು ವಿಜ್ಞಾನಿಗಳು ಹಳೆಯ ಚಿತ್ರಗಳಿಂದ ತೋರಿಸಿದ್ದರು. 1970ರ ದಶಕದ ಕೊನೆಯಲ್ಲಿ 20 ಹೆಕ್ಟೇರಿಗಿಂತ ಚಿಕ್ಕದಾಗಿದ್ದದ್ದು 2008ರ ಹೊತ್ತಿಗೆ ನೂರರ ಸಮೀಪ ಬಂದಿತ್ತು. ಒಡೆಯಬಹುದೆಂಬ ಎಚ್ಚರಿಕೆಯೂ ಪ್ರಕಟವಾಗಿತ್ತು. ದುರಂತದ ನಂತರ ಹಳೆಯ ಉಪಗ್ರಹ ದತ್ತಾಂಶವನ್ನು ಮತ್ತೆ ಕೆದಕಿದಾಗ, ಅಂದು ರಾತ್ರಿ ಸರೋವರಕ್ಕೆ ಕುಸಿದು ಬಿದ್ದ ಪಕ್ಕದ ದಿಬ್ಬ ವರ್ಷಗಳಿಂದಲೇ ಜಾರುತ್ತಿದ್ದದ್ದು ಕಂಡುಬಂತು. ಹೆಪ್ಪುಗಟ್ಟಿದ ಮಣ್ಣು, ಕಲ್ಲುಗಳ ಆ ರಾಶಿ ನೀರಿಗೆ ಬಿದ್ದಾಗ ಎದ್ದ ಅಲೆಯೇ ಕಟ್ಟೆಯನ್ನು ಒಡೆದದ್ದು. ದತ್ತಾಂಶ ಮೊದಲೇ ಸಂಗ್ರಹವಾಗಿತ್ತು. ಆ ದಿಬ್ಬವನ್ನು ಹೊತ್ತಿಗೆ ಮುಂಚೆ ನೋಡಿ, ಕೆಳಗಿನ ಕಣಿವೆಗೆ ಕೇಳುವಂತೆ ಹೇಳುವ ವ್ಯವಸ್ಥೆ ಇರಲಿಲ್ಲ.

ಈ ತಂತ್ರಕ್ಕೆ ಒಂದು ದೊಡ್ಡ ಅಡ್ಡಿ ಮರಗಿಡ. ಎಲೆಗಳು ದಿನದಿನಕ್ಕೆ ಅಲುಗುತ್ತವೆ, ಬೆಳೆಯುತ್ತವೆ. ಚಿಕ್ಕ ತರಂಗಾಂತರದ ಅಲೆ ಎಲೆಗೇ ತಾಗಿ ಮರಳಿದರೆ ನೆಲದ ಸುದ್ದಿ ಸಿಗುವುದೇ ಇಲ್ಲ. ಪಶ್ಚಿಮ ಘಟ್ಟದ ಕಾಡಿನ ಇಳಿಜಾರುಗಳಲ್ಲಿ ಇದೇ ತೊಡಕು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹದಲ್ಲಿ ಎರಡು ರೇಡಾರ್‌ಗಳಿವೆ. ನಾಸಾ ಕೊಟ್ಟ ರೇಡಾರಿನ ತರಂಗಾಂತರ ಸುಮಾರು 24 ಸೆಂಟಿಮೀಟರ್, ಇಸ್ರೋದ್ದು ಸುಮಾರು ಹತ್ತು. ಉದ್ದನೆಯ ಅಲೆ ಎಲೆಗಳನ್ನು ದಾಟಿ ಕೊಂಬೆ, ಕಾಂಡ, ನೆಲದವರೆಗೆ ಹೋಗಬಲ್ಲದು. ಬೆಂಗಳೂರಿನಲ್ಲಿ ಜೋಡಣೆಯಾದ ಈ ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಮರಳುವಂತೆ ರೂಪುಗೊಂಡಿದೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಗುಡ್ಡಗಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ಹಸಿರಿದ್ದೂ ಬರ

ಉಪಗ್ರಹದ ಅಂಕಿ ಸರಿಯಾಗಿದ್ದರೂ ಅದರ ಅರ್ಥ ತಪ್ಪಬಹುದು ಎನ್ನುವುದಕ್ಕೆ ಕರ್ನಾಟಕದ 2023ರ ಮುಂಗಾರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ರಾಜ್ಯದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆದರೆ ನಡುವೆ ಬಿದ್ದ ತುಂತುರಿಗೆ ಹೊಲಗಳು ಹಸಿರಾಗಿದ್ದವು. ಬರ ಅಧ್ಯಯನಕ್ಕೆ ಬಂದ ಕೇಂದ್ರ ತಂಡಕ್ಕೆ ರಾಜ್ಯ ಸರ್ಕಾರ ಇದನ್ನೇ 'ಹಸಿರು ಬರ' ಎಂದು ವಿವರಿಸಬೇಕಾಯಿತು. ಹೂಬಿಡುವ, ಕಾಳು ಕಟ್ಟುವ ಹೊತ್ತಿಗೆ ನೀರಿಲ್ಲದ ಪೈರು ಆಮೇಲೆ ಎಷ್ಟು ಚಿಗುರಿದರೂ ತೆನೆ ಜೊಳ್ಳು. ಕಳೆಯೂ ಹಸಿರೇ. ಸಸ್ಯ ಸೂಚ್ಯಂಕ ಅಳೆಯುವುದು ಎಲೆಯನ್ನು. ರೈತನ ಮನೆಗೆ ಬರಬೇಕಾದದ್ದು ಕಾಳು.

ಬರ ಘೋಷಣೆಗೆ 2016ರ ಕೇಂದ್ರ ಕೈಪಿಡಿ ಹೇಳುವ ಮಾನದಂಡಗಳಲ್ಲಿ ಮಳೆಯ ಕೊರತೆ, ಬಿತ್ತನೆ ಪ್ರದೇಶ, ಮಣ್ಣಿನ ತೇವಗಳ ಜೊತೆಗೆ ಉಪಗ್ರಹದ ಸಸ್ಯ ಸೂಚ್ಯಂಕವೂ ಇದೆ. ಆಯ್ದ ಹಳ್ಳಿಗಳ ಹೊಲಗಳಿಗೆ ಹೋಗಿ ಪರಿಶೀಲಿಸಬೇಕು ಎಂಬ ನಿಯಮವೂ ಇದೆ. ಈ ಎರಡನೆಯದನ್ನು ಕಚೇರಿಯ ವಿಧಿಯೆಂದು ನೋಡುವವರು ಬಹಳ. ನನ್ನ ಮಟ್ಟಿಗೆ ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ. ಎಲೆಯೊಳಗಿನ ನೀರಿನಂಶವನ್ನು ಹೇಳುವ ಇನ್ನೊಂದು ಸೂಚ್ಯಂಕವಿದೆ. ಅದು ಒಣಗುವಿಕೆಯನ್ನು ಇನ್ನಷ್ಟು ಬೇಗ ಹಿಡಿಯುತ್ತದೆ. ಈ ವಾರದ ಹಸಿರನ್ನು ಹಿಂದಿನ ಹಲವು ವರ್ಷಗಳ ಇದೇ ವಾರದ ಹಸಿರಿಗೆ ಹೋಲಿಸುವ ಕ್ರಮವೂ ಇದೆ. ಇವೆಲ್ಲ ಲೆಕ್ಕವನ್ನು ತಿದ್ದುತ್ತವೆ. ತೆನೆ ಬಿಡಿಸಿ ನೋಡುವವರ ಜಾಗವನ್ನು ಮಾತ್ರ ಇವು ತುಂಬಲಾರವು.

ಯಾವುದನ್ನು ಕಾಡು ಎನ್ನುತ್ತೀರಿ

ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ 1987ರಿಂದ ಎರಡು ವರ್ಷಕ್ಕೊಮ್ಮೆ ಉಪಗ್ರಹ ಆಧರಿಸಿದ ಅರಣ್ಯ ವರದಿ ಪ್ರಕಟಿಸುತ್ತ ಬಂದಿದೆ. ಅದಕ್ಕೂ ಮುಂಚೆ ದೂರಸಂವೇದಿ ಸಂಸ್ಥೆ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹೋಲಿಸಿ, 1970ರ ದಶಕದ ಆರಂಭದಲ್ಲಿ ಶೇ 16.89ರಷ್ಟಿದ್ದ ದೇಶದ ಕಾಡಿನ ಹೊದಿಕೆ 1980ರ ದಶಕದ ಆರಂಭಕ್ಕೆ ಶೇ 14.10ಕ್ಕೆ ಇಳಿದಿದೆ ಎಂದು ತೋರಿಸಿತ್ತು. ಕಾಗದದ ಮೇಲೆ ಕಾಡು ಎಂದಿದ್ದ ಜಾಗಕ್ಕೂ ಮರಗಳಿದ್ದ ಜಾಗಕ್ಕೂ ಇದ್ದ ಅಂತರ ಆಗ ಬಯಲಾಯಿತು.

ಸಮೀಕ್ಷೆಯ ವ್ಯಾಖ್ಯಾನದಂತೆ ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಮರಗಳ ನೆತ್ತಿ ಶೇ 10ಕ್ಕಿಂತ ಹೆಚ್ಚು ನೆಲವನ್ನು ಮರೆಮಾಡಿದ್ದರೆ ಅದು ಅರಣ್ಯ ಹೊದಿಕೆ. ಜಮೀನು ಯಾರದು, ಮರ ಯಾವುದು, ಬಳಕೆ ಏನು ಎಂಬುದು ಲೆಕ್ಕಕ್ಕಿಲ್ಲ. ಹೀಗಾಗಿ ಕೊಡಗಿನ ನೆರಳಿನ ಕಾಫಿ ತೋಟ, ತೆಂಗಿನ ತೋಪು, ನೀಲಗಿರಿ, ಅಕೇಶಿಯಾ ನೆಡುತೋಪುಗಳು ಶೋಲಾ ಕಾಡಿನ ಜೊತೆಗೇ ಒಂದು ಮೊತ್ತದಲ್ಲಿ ಸೇರಬಹುದು. ಮೇಲಿನಿಂದ ನೋಡಿದಾಗ ಎಲ್ಲವೂ ಮರದ ನೆತ್ತಿಯೇ. ಕಾಡು ಕಡಿದು ಹತ್ತು ವರ್ಷದಲ್ಲಿ ಅಕೇಶಿಯಾ ಬೆಳೆಸಿದರೆ ನಿವ್ವಳ ಲೆಕ್ಕದಲ್ಲಿ ನಷ್ಟವೇ ಕಾಣದೆ ಹೋಗಬಹುದು. ಉಪಗ್ರಹ ಇಲ್ಲಿ ಸುಳ್ಳು ಹೇಳಿಲ್ಲ. ನಾವು ಅದಕ್ಕೆ ಕೇಳಿದ ಪ್ರಶ್ನೆ ತೀರ ದೊರಗು.

2023ರ ವರದಿಯಂತೆ ದೇಶದ ಅರಣ್ಯ ಹೊದಿಕೆ ಸುಮಾರು 7,15,343 ಚದರ ಕಿಲೋಮೀಟರ್. ಹಿಂದಿನ ವರದಿಗಿಂತ 156 ಚದರ ಕಿಲೋಮೀಟರ್ ಹೆಚ್ಚಳ. ಒಟ್ಟಿನ ಲೆಕ್ಕದಲ್ಲಿ ಇದು ಶೇ 0.02. ನೂರು ಪಿಕ್ಸೆಲ್‌ಗಳಲ್ಲಿ ಕೆಲವಾದರೂ ತಪ್ಪು ಗುಂಪಿಗೆ ಸೇರುವುದು ಇಂಥ ವರ್ಗೀಕರಣದಲ್ಲಿ ಸಹಜ. ಅದರ ಮುಂದೆ ಶೇ 0.02ರ ಹೆಚ್ಚಳವನ್ನು 'ಕಾಡು ಬೆಳೆಯಿತು' ಎಂದು ತಲೆಬರಹ ಮಾಡುವುದು ಸರಿಯಲ್ಲ. 'ಬದಲಾವಣೆ ಅಳತೆಯ ಮಿತಿಯೊಳಗಿದೆ' ಎಂದು ಬರೆಯುವುದು ಪ್ರಾಮಾಣಿಕ. ಅದೇ ವರದಿಯ ಒಳಪುಟಗಳಲ್ಲಿ ಯಾವ ದಟ್ಟಣೆಯ ಕಾಡು ಯಾವುದಾಗಿ ಬದಲಾಯಿತು ಎಂಬ ಕೋಷ್ಟಕಗಳಿರುತ್ತವೆ. ದಟ್ಟ ಕಾಡಿನಿಂದ ವಿರಳ ಕಾಡಿಗೆ, ಕಾಡಿನಿಂದ ಬಯಲಿಗೆ ಜಾರಿದ ಚದರ ಕಿಲೋಮೀಟರುಗಳು ಅಲ್ಲಿ ಸಿಗುತ್ತವೆ. ಮೊತ್ತಕ್ಕಿಂತ ಆ ಕೋಷ್ಟಕ ಓದುವುದು ಉಪಯುಕ್ತ.

ಹಳೆಯ ಚಿತ್ರ ಕಾಪಿಟ್ಟವರು, ಬಾಗಿಲು ತೆರೆದವರು

ಬದಲಾವಣೆ ತಿಳಿಯಲು ಹಳೆಯ ಚಿತ್ರ ಬೇಕು. ಹಳೆಯದನ್ನು ಈಗ ಹೋಗಿ ತೆಗೆಯಲಾಗದು. ಲ್ಯಾಂಡ್‌ಸ್ಯಾಟ್ ಸರಣಿ 1972ರಿಂದ ಇಂದಿನವರೆಗೆ ಕಡಿಯದೆ ಬಂದಿರುವುದು ಈ ಕಾರಣಕ್ಕೆ ಅಮೂಲ್ಯ. ಅದರ ಮೊದಲ ಬಹುವರ್ಣ ಸ್ಕ್ಯಾನರನ್ನು ರೂಪಿಸಿದ್ದು ಎಂಜಿನಿಯರ್ ವರ್ಜಿನಿಯಾ ನಾರ್‌ವುಡ್. ಮೂರು ವರ್ಷದ ಬಾಳಿಕೆಗೆಂದು ಕಟ್ಟಿದ ಲ್ಯಾಂಡ್‌ಸ್ಯಾಟ್-5 1984ರಿಂದ 2013ರವರೆಗೆ ದುಡಿಯಿತು. 1993ರಲ್ಲಿ ಲ್ಯಾಂಡ್‌ಸ್ಯಾಟ್-6 ಕಕ್ಷೆ ಸೇರದೆ ನಾಶವಾದಾಗ ದಾಖಲೆಯ ಕೊಂಡಿ ಕಳಚದಂತೆ ಹಿಡಿದದ್ದು ಅದೇ. ಭಾರತದ ಸರಣಿ ಶುರುವಾದದ್ದು 1988ರ ಮಾರ್ಚ್ 17ರಂದು, ಬೆಂಗಳೂರಿನಲ್ಲಿ ಕಟ್ಟಿ ಬೈಕನೂರಿನಿಂದ ಹಾರಿಸಿದ ಐಆರ್‌ಎಸ್-1ಎ ಜೊತೆಗೆ.

ಆದರೆ ಚಿತ್ರವಿದ್ದರೆ ಸಾಲದು. 1980ರ ದಶಕದಲ್ಲಿ ಒಂದು ಲ್ಯಾಂಡ್‌ಸ್ಯಾಟ್ ದೃಶ್ಯಕ್ಕೆ ನಾಲ್ಕು ಸಾವಿರ ಡಾಲರ್ ದಾಟಿದ್ದ ಕಾಲವಿತ್ತು. ಸಂಶೋಧಕರು ಹೇಗೋ ಹಣ ಹೊಂದಿಸಿ ಎರಡು ಚಿತ್ರ ಕೊಂಡು ಹೋಲಿಸುತ್ತಿದ್ದರು. 2008ರಲ್ಲಿ ಇಡೀ ಸಂಗ್ರಹವನ್ನು ಉಚಿತಗೊಳಿಸಿದ ಮೇಲೆ ವಿದ್ಯೆಯ ರೂಪವೇ ಬದಲಾಯಿತು. ಎರಡು ಚಿತ್ರಗಳ ಬದಲು ಒಂದೊಂದು ಪಿಕ್ಸೆಲ್‌ನ ದಶಕಗಳ ಚರಿತ್ರೆಯನ್ನೇ ಓದುವುದು ಸಾಧ್ಯವಾಯಿತು. 2013ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಆರೂವರೆ ಲಕ್ಷ ದೃಶ್ಯಗಳಿಂದ ಇಡೀ ಜಗತ್ತಿನ ಕಾಡಿನ ನಷ್ಟ-ಗಳಿಕೆಯ ನಕಾಶೆ ಕಟ್ಟಿತು. 2016ರಲ್ಲಿ ಐರೋಪ್ಯ ಆಯೋಗದ ವಿಜ್ಞಾನಿಗಳು ಸುಮಾರು ಮೂವತ್ತು ಲಕ್ಷ ದೃಶ್ಯಗಳನ್ನು ಜಾಲಾಡಿ, 1984ರಿಂದ 2015ರ ನಡುವೆ ಸುಮಾರು 90,000 ಚದರ ಕಿಲೋಮೀಟರ್ ಶಾಶ್ವತ ಜಲರಾಶಿ ಭೂಮಿಯ ಮೇಲಿಂದ ಅಳಿದಿದೆ ಎಂದು ಲೆಕ್ಕ ಕೊಟ್ಟರು. ಹತ್ತಿ ಬೆಳೆಗೆಂದು ನದಿಗಳನ್ನು ತಿರುಗಿಸಿ ಒಣಗಿಸಿದ ಅರಲ್ ಸಮುದ್ರದ ಪಾಲು ಅದರಲ್ಲಿ ದೊಡ್ಡದು.

ಬ್ರೆಜಿಲ್ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿತು. ಅಲ್ಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 1988ರಿಂದ ಪ್ರತಿವರ್ಷ ಅಮೆಜಾನ್ ಕಾಡಿನ ಕಡಿತದ ಲೆಕ್ಕ ಪ್ರಕಟಿಸುತ್ತಿದೆ. 2004ರಲ್ಲಿ ಕಡಿತ 27,772 ಚದರ ಕಿಲೋಮೀಟರ್ ಮುಟ್ಟಿತ್ತು. ಅದೇ ವರ್ಷ ಡೀಟರ್ ಎಂಬ ತ್ವರಿತ ಎಚ್ಚರಿಕೆ ವ್ಯವಸ್ಥೆ ಶುರುವಾಯಿತು. ಕಡಿತ ನಡೆಯುತ್ತಿರುವಾಗಲೇ ಪರಿಸರ ಅಧಿಕಾರಿಗಳು ಜಾಗಕ್ಕೆ ಹೋಗಿ ದಂಡ ಹಾಕುವುದು, ಯಂತ್ರ ಜಪ್ತಿ ಮಾಡುವುದು ಆರಂಭವಾಯಿತು. ಸಾಲ ನಿರ್ಬಂಧ, ಹೊಸ ರಕ್ಷಿತಾರಣ್ಯಗಳೂ ಸೇರಿ 2012ಕ್ಕೆ ಕಡಿತ 4,571ಕ್ಕೆ ಇಳಿಯಿತು. 2019ರಲ್ಲಿ ಅಂಕಿಗಳು ಮತ್ತೆ ಏರಿದಾಗ ಅಂದಿನ ಅಧ್ಯಕ್ಷರು ಅಂಕಿಗಳನ್ನೇ ಸುಳ್ಳೆಂದರು. ಅವುಗಳ ಪರ ನಿಂತ ಸಂಸ್ಥೆಯ ನಿರ್ದೇಶಕ ರಿಕಾರ್ಡೊ ಗಾಲ್ವಾವ್ ಹುದ್ದೆ ಕಳೆದುಕೊಂಡರು. ಮೂಲ ಚಿತ್ರಗಳು ಜಗತ್ತಿನ ಯಾರಿಗೂ ಸಿಗುತ್ತಿದ್ದುದರಿಂದ ಬೇರೆಯವರೂ ಲೆಕ್ಕ ಹಾಕಿ ನೋಡಿದರು. ಕಡಿತ ಏರಿದ್ದು ನಿಜವಾಗಿತ್ತು.

ಭಾರತದಲ್ಲೂ ಬಾಗಿಲು ನಿಧಾನವಾಗಿ ತೆರೆಯುತ್ತಿದೆ. 2023ರ ಬಾಹ್ಯಾಕಾಶ ನೀತಿಯಂತೆ ಪಿಕ್ಸೆಲ್ 5 ಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿರುವ ಸರ್ಕಾರಿ ಉಪಗ್ರಹ ಚಿತ್ರಗಳು ಉಚಿತ. ದೂರಸಂವೇದಿ ಕೇಂದ್ರದ ಭೂನಿಧಿ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಅವನ್ನು ಪಡೆಯಬಹುದು. ಸೆಂಟಿನೆಲ್ ಚಿತ್ರಗಳು ಐರೋಪ್ಯ ಕೋಪರ್ನಿಕಸ್ ತಾಣದಲ್ಲಿ ಯಾವ ಶುಲ್ಕವೂ ಇಲ್ಲದೆ ಸಿಗುತ್ತವೆ.

ನಿಮ್ಮ ಊರಿನ ಕೆರೆಯಿಂದಲೇ ಶುರುಮಾಡಿ. ಕೋಪರ್ನಿಕಸ್ ತಾಣ ತೆರೆದು ಊರನ್ನು ಹುಡುಕಿ, ಮೋಡವಿಲ್ಲದ ಫೆಬ್ರವರಿಯ ದಿನವೊಂದನ್ನು 2017ರಲ್ಲಿ ಆರಿಸಿ, ಅದೇ ತಿಂಗಳ ಚಿತ್ರವನ್ನು ಮುಂದಿನ ಪ್ರತಿ ವರ್ಷಕ್ಕೂ ತೆಗೆಯಿರಿ. ಎರಡು ವರ್ಷ ಸಾಲದು. ಒಂದು ವರ್ಷ ಮಳೆ ಕಡಿಮೆಯಾಗಿ ಕೆರೆ ಬತ್ತಿದ್ದರೆ ಅದನ್ನು ಒತ್ತುವರಿ ಎಂದು ತಿಳಿಯುವ ಅಪಾಯವಿದೆ. ಆ ವರ್ಷಗಳ ಮಳೆಯ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅವಕೆಂಪಿನ ಚಿತ್ರದಲ್ಲಿ ಕೆರೆಯಂಗಳ ಕಡುಗೆಂಪಾಗಿ ಕಂಡರೆ ನೀರು ಹೋಗಿ ಹೊಲವಾಗಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಬೆಂಗಳೂರಿನ ಬೆಳ್ಳಂದೂರಿನಂಥ ಕೆರೆಗಳಲ್ಲಿ ಕೊಳಚೆ ಉಂಡು ಬೆಳೆದ ಜಲಕಳೆ ನೀರನ್ನು ಪೂರ್ತಿ ಮುಚ್ಚಿ, ಉಪಗ್ರಹಕ್ಕೆ ಸೊಂಪಾದ ಬೆಳೆಯಂತೆಯೇ ಕಾಣುತ್ತಿತ್ತು. ಅನುಮಾನ ಬಂದ ಜಾಗವನ್ನು ಗುರುತು ಹಾಕಿಕೊಂಡು ಏರಿಯ ಮೇಲೆ ಹೋಗಿ ನಿಂತು ನೋಡಿ. ಚಿತ್ರದ ದಿನಾಂಕ, ಉಪಗ್ರಹದ ಹೆಸರು, ನೀವು ಕಂಡದ್ದು ಮೂರನ್ನೂ ಬರೆದಿಟ್ಟರೆ, ಗ್ರಾಮ ಪಂಚಾಯಿತಿಯಲ್ಲೋ ತಹಶೀಲ್ದಾರರ ಕಚೇರಿಯಲ್ಲೋ ಅರ್ಜಿ ಕೊಡುವಾಗ ಅದರ ಜೊತೆ ಲಗತ್ತಿಸಬಹುದು. ಬೇರೆ ಯಾರು ಬೇಕಾದರೂ ಅದೇ ಚಿತ್ರ ತೆಗೆದು ನಿಮ್ಮ ಲೆಕ್ಕವನ್ನು ಪರೀಕ್ಷಿಸಬಹುದು.